ಕರ್ನೆಲ್ ನವೀಕರಣದ ಬಳಿಕ ತಡವರಿಸುವ ಕೀಲಿಮಣೆ

ಅಂಕಪಟ್ಟಿಯನ್ನು ಗಣಕಯಂತ್ರಕ್ಕೆ ತುಂಬುತ್ತಿರುವಾಗ ಕೀಲಿಮಣೆ ಪೂರ್ತಿಯಾಗಿ ಕೆಟ್ಟುನಿಂತರೆ ಕೆಲಸ ನಿಲ್ಲುತ್ತದೆಯೇ ಹೊರತು ದಾಖಲೆಗೆ ಹಾನಿಯಾಗದು. ನಡುನಡುವೆ ಒಂದೊಂದು ಒತ್ತನ್ನು ಮಾತ್ರ ನುಂಗಿಹಾಕುವ ಕೀಲಿಮಣೆಯ ಸಂಗತಿ ಬೇರೆ. ೭೧ ಎಂದು ಒತ್ತಿದುದು ಬರಿಯ ೭ ಆಗಿ ದಾಖಲಾಗಿ, ಯಾರ ಕಣ್ಣಿಗೂ ಬೀಳದೆ ಮುಂದೆ ಸಾಗಿಬಿಡಬಹುದು. ಲಿನಕ್ಸ್ ಆಧಾರಿತ ಯಂತ್ರಗಳಲ್ಲಿ ಕರ್ನೆಲ್ ನವೀಕರಣಗೊಂಡ ಮೇಲೆ ಇಂತಹ ತೊಡಕು ಒಮ್ಮೊಮ್ಮೆ ತಲೆದೋರುವುದುಂಟು. ಆಗ ಯಂತ್ರವೇ ಹಾಳಾಯಿತೆಂದು ಮೂಲೆಗೆ ಸರಿಸುವವರಿದ್ದಾರೆ. ದಾನಿಗಳ ಹಣದಿಂದ ಬಂದ ವಸ್ತುವನ್ನು ಹಾಗೆ ತಳ್ಳಿಹಾಕುವ ಮುನ್ನ ವಿಚಾರಿಸಬೇಕಾದ ಅಂಶಗಳು ಕೆಲವಿವೆ.

ಕರ್ನೆಲ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳು; ಯಂತ್ರದ ಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವಣ ವ್ಯವಹಾರವೆಲ್ಲ ಇದರ ಮೂಲಕವೇ ನಡೆಯತಕ್ಕದ್ದು. ೧೯೯೧ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿಯನ್ನು ಕಾಣುತ್ತದೆ. ಪ್ರತಿ ಆವೃತ್ತಿಯಲ್ಲಿಯೂ ಹತ್ತು ಸಾವಿರಕ್ಕೆ ಮಿಕ್ಕ ಬದಲಾವಣೆಗಳಿರುವುದು ಸಾಮಾನ್ಯ.

ಕೀಲಿಯನ್ನು ಒತ್ತಿದಾಗ ಒಂದು ಸಂಕೇತವೂ ಬಿಟ್ಟಾಗ ಇನ್ನೊಂದು ಸಂಕೇತವೂ ಹೊರಡುತ್ತವೆ. ಅನೇಕ ಲ್ಯಾಪ್‌ಟಾಪ್‌ಗಳ ಒಳಗಿನ ಕೀಲಿಮಣೆ ಇಂದಿಗೂ ೧೯೮೪ರ ಐ.ಬಿ.ಎಂ. ಪಿ.ಸಿ. ಎ.ಟಿ. ಯಂತ್ರದ ೮೦೪೨ ನಿಯಂತ್ರಕದ ಪದ್ಧತಿಯನ್ನೇ ಅನುಸರಿಸುತ್ತದೆಂಬುದು ಸೋಜಿಗದ ಮಾತು. ಸಂಕೇತ ಸಿದ್ಧವಾದೊಡನೆ ಅದು ‘ಇಂಟರಪ್ಟ್’ ಎಂಬ ಕರೆಯ ಮೂಲಕ ಪ್ರೊಸೆಸರನ್ನು ಎಚ್ಚರಿಸುತ್ತದೆ. ಆ ಕರೆಯ ವಿದ್ಯುತ್ ಸ್ವರೂಪವನ್ನು ಕರ್ನೆಲ್ ತಪ್ಪಾಗಿ ಗ್ರಹಿಸಿದರೆ ಒತ್ತು ಕಳೆದುಹೋಗಬಹುದು, ಇಲ್ಲವೆ ತಡವಾಗಿ ತಲುಪಬಹುದು. ಕೀಲಿ ಬಿಟ್ಟ ಸುದ್ದಿ ಮಾತ್ರ ತಪ್ಪಿಹೋದರೆ ಒಂದೇ ಅಕ್ಷರ ಸಾಲುಗಟ್ಟಿ ಮೂಡುತ್ತದೆ. ಇದು ಬರಿಯ ಊಹೆಯಲ್ಲ. ೨೦೨೨ರಲ್ಲಿ ಎ.ಎಂ.ಡಿ. ಝೆನ್ ಪ್ರೊಸೆಸರುಳ್ಳ ಕೆಲವು ಲ್ಯಾಪ್‌ಟಾಪ್‌ಗಳ ಕೀಲಿಮಣೆಯನ್ನು ಸರಿಪಡಿಸಲೆಂದು ಇದೇ ಅಂಶದಲ್ಲಿ ಮಾಡಿದ ಬದಲಾವಣೆಯಿಂದ ಬೇರೆ ಕೆಲವು ಮಾದರಿಗಳ ಕೀಲಿಮಣೆ ಕೆಟ್ಟಿತು. ಕಡೆಗೆ ಮಾದರಿಗಳ ಹೆಸರು ಹಿಡಿದು ಅಪವಾದಗಳ ಪಟ್ಟಿಯನ್ನೇ ಕರ್ನೆಲ್ಲಿನೊಳಗೆ ಇಡಬೇಕಾಯಿತು.

ಆದರೂ ನವೀಕರಣದ ನಂತರ ಕೆಟ್ಟಿತೆಂಬ ಮಾತ್ರಕ್ಕೆ ಕರ್ನೆಲ್ಲೇ ಕಾರಣವೆನ್ನುವುದು ಕಾಕತಾಳೀಯ ನ್ಯಾಯವಾದೀತು. ಕರ್ನೆಲ್ಲಿನ ಜೊತೆಗೆ ಅದೇ ದಿನ ಹತ್ತಾರು ಬೇರೆ ತಂತ್ರಾಂಶಗಳೂ ಬದಲಾಗಿರುತ್ತವೆ. ಇದನ್ನು ಬಿಡಿಸಿ ನೋಡುವ ಉಪಾಯ ಸುಲಭವಾಗಿಯೇ ಇದೆ. ಉಬುಂಟು, ಫೆಡೋರಾ ಮೊದಲಾದ ವ್ಯವಸ್ಥೆಗಳು ಹಳೆಯ ಕರ್ನೆಲ್ಲನ್ನು ಕೂಡಲೇ ಅಳಿಸುವುದಿಲ್ಲ. ಯಂತ್ರ ಆರಂಭವಾಗುವಾಗ ‘ಗ್ರಬ್’ ಪಟ್ಟಿಯಿಂದ ಅದನ್ನು ಆರಿಸಬಹುದು. ಉಳಿದುದೆಲ್ಲ ಹೊಸತಾಗಿಯೇ ಇದ್ದು ಕರ್ನೆಲ್ ಮಾತ್ರ ಹಳೆಯದಾದಾಗ ದೋಷ ಮಾಯವಾದರೆ ಸಂಶಯಕ್ಕೆ ಆಧಾರ ದೊರೆತಂತಾಯಿತು. ಹಳೆಯದರಲ್ಲಿಯೂ ದೋಷ ಮುಂದುವರಿದರೆ ಕೀಲಿಮಣೆಯ ಪಟ್ಟಿತಂತಿ, ಒಳಸೇರಿದ ಧೂಳು, ಚೆಲ್ಲಿದ ಚಹಾ ಇವುಗಳ ಕಡೆ ದೃಷ್ಟಿ ಹರಿಸುವುದು ಲೇಸು.

ಇಲ್ಲಿ ಅವಸರವೇ ದೊಡ್ಡ ಶತ್ರು. ದಿನಕ್ಕೆ ಸರಾಸರಿ ಮೂರು ಬಾರಿ, ಯಾವ ಕ್ರಮವೂ ಇಲ್ಲದೆ ಕಾಣಿಸಿಕೊಳ್ಳುವ ದೋಷವು ಹಳೆಯ ಕರ್ನೆಲ್ಲಿನಲ್ಲಿ ಅರ್ಧ ತಾಸು ಕಾಣಲಿಲ್ಲವೆಂದರೆ ಏನೂ ಸಿದ್ಧವಾಗಲಿಲ್ಲ. ಇಡೀ ಒಂದು ದಿನ ಕಾಣದಿರುವುದು ಕೂಡ ಇಪ್ಪತ್ತರಲ್ಲಿ ಒಂದು ಸಲ ಕೇವಲ ಆಕಸ್ಮಿಕವಾಗಿ ಘಟಿಸಬಹುದು. ಎರಡು ಮೂರು ದಿನವಾದರೂ ಅಲ್ಲಿಯೇ ಕೆಲಸ ಮಾಡಿ, ಮತ್ತೆ ಹೊಸದಕ್ಕೆ ಮರಳಿ, ದೋಷವೂ ಮರಳಿತೇ ಎಂದು ನೋಡತಕ್ಕದ್ದು.

ದೋಷದ ವೇಳೆಯನ್ನು ಬರೆದಿಡುವುದೂ ಅಗತ್ಯ. ಹೊರಗಿನಿಂದ ಜೋಡಿಸಿದ ಯು.ಎಸ್.ಬಿ. ಕೀಲಿಮಣೆಯಲ್ಲಿ, ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲಿನ ಮೊದಲ ಒತ್ತು ಮಾತ್ರ ತಪ್ಪುತ್ತಿದ್ದರೆ ವಿದ್ಯುತ್ ಉಳಿಸಲೆಂದು ಅದನ್ನು ಮಲಗಿಸುವ ಏರ್ಪಾಟನ್ನು ಶಂಕಿಸಬೇಕು. ಆ ಒಂದು ಸಾಧನಕ್ಕೆ ಅದನ್ನು ತಡೆದರೆ ಸಾಕು. ಲ್ಯಾಪ್‌ಟಾಪನ್ನು ಮುಚ್ಚಿ ತೆರೆದ ಮೇಲಷ್ಟೇ ಒಳಗಿನ ಕೀಲಿಮಣೆ ತಡವರಿಸಿದರೆ, ನಿಯಂತ್ರಕವನ್ನು ಹೊಸದಾಗಿ ಎಬ್ಬಿಸುವ ‘ಐ೮೦೪೨.ರೀಸೆಟ್’ ಎಂಬ ಸೂಚನೆಯನ್ನು ಕರ್ನೆಲ್ಲಿನ ಆರಂಭಿಕ ಆದೇಶಕ್ಕೆ ಸೇರಿಸಿ ನೋಡಬಹುದು. ಕನ್ನಡದಲ್ಲಿ ಬೆರಳಚ್ಚು ಮಾಡುವವರು ಇನ್ನೊಂದನ್ನೂ ಗಮನಿಸಬೇಕು. ಕನ್ನಡ ಅಕ್ಷರಗಳು ತಪ್ಪುತ್ತ ಇಂಗ್ಲಿಷ್ ಅಕ್ಷರಗಳು ಸರಿಯಾಗಿಯೇ ಮೂಡುತ್ತಿದ್ದರೆ ಕರ್ನೆಲ್ ಬಹುಮಟ್ಟಿಗೆ ನಿರಪರಾಧಿ. ಲಿಪಿ ಜೋಡಿಸುವ ‘ಐಬಸ್’ನಂತಹ ತಂತ್ರಾಂಶವನ್ನು ಪರೀಕ್ಷಿಸಬೇಕು.

ಇಷ್ಟಾದ ಮೇಲೂ ಕರ್ನೆಲ್ಲೇ ಕಾರಣವೆಂದು ಖಚಿತವಾದರೆ, ಯಂತ್ರದ ಮಾದರಿ, ಸರಿಯಿದ್ದ ಕಡೆಯ ಆವೃತ್ತಿ, ಕೆಟ್ಟ ಮೊದಲ ಆವೃತ್ತಿ, ಆ ವೇಳೆಯ ಕರ್ನೆಲ್ ದಾಖಲೆ ಇವನ್ನು ವ್ಯವಸ್ಥೆಯನ್ನು ಒದಗಿಸಿದವರಿಗೆ ತಿಳಿಸಬೇಕು. ಬದಲಾವಣೆಗಳನ್ನು ಅರ್ಧರ್ಧವಾಗಿ ವಿಭಜಿಸಿ ಪರೀಕ್ಷಿಸುತ್ತ ಹೋದರೆ ೧೬,೦೦೦ ಬದಲಾವಣೆಗಳ ನಡುವಿನಿಂದಲೂ ೧೪ ಹೆಜ್ಜೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಕ್ಕುತ್ತದೆ. ಪರಿಹಾರ ಬರುವವರೆಗೆ ಹಳೆಯ ಕರ್ನೆಲ್ಲಿನಲ್ಲಿ ಕೆಲಸ ಸಾಗಿಸಬಹುದು. ಆದರೆ ಭದ್ರತೆಯ ತಿದ್ದುಪಡಿಗಳು ಅದಕ್ಕೆ ದೊರೆಯದಿರುವುದರಿಂದ ಬಹುಕಾಲ ಹಾಗೆ ನಡೆಸಲಾಗದು. ಫೆಡೋರಾ ಸಾಮಾನ್ಯವಾಗಿ ಮೂರು ಕರ್ನೆಲ್‌ಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ, ಮುಂದಿನ ನವೀಕರಣಗಳಲ್ಲಿ ಅಳಿಸಿಹೋಗದಂತೆ ಸರಿಯಿರುವುದನ್ನು ಮೊದಲೇ ಕಾಯ್ದಿರಿಸತಕ್ಕದ್ದು.