ಒಂದೇ ಪುಟದಲ್ಲಿರುವ ಬೇರೆ ಬೇರೆ ನಮೂನೆಗಳು

ಅರ್ಜಿಗಳನ್ನು ಗಣಕಯಂತ್ರದ ಮೂಲಕ ಕಳುಹಿಸುವ ಪದ್ಧತಿಯು ಈಗ ಹಳ್ಳಿಗಳಲ್ಲಿಯೂ ರೂಢಿಗೆ ಬಂದಿರುವುದಷ್ಟೆ. ಕೆಲವು ಜಾಲಪುಟಗಳಲ್ಲಿ ಎರಡು ಮೂರು ನಮೂನೆಗಳು ಒಂದರ ಕೆಳಗೊಂದು ಇರುವುದುಂಟು. ಸಾಲ ಕೊಡುವ ಒಂದು ಬ್ಯಾಂಕಿನ ಪುಟದಲ್ಲಿ ಬೆಳೆಸಾಲದ ಅರ್ಜಿ, ಫೋನ್ ನಂಬರಿನ ಬದಲಾವಣೆ, ಬೆಳೆ ನಷ್ಟದ ಸೂಚನೆ ಎಂಬ ಮೂರು ನಮೂನೆಗಳಿವೆಯೆಂದು ಭಾವಿಸೋಣ. ನೋಡುವವರಿಗೆ ಇವೆಲ್ಲವೂ ಒಂದೇ ಕಾಗದದಂತೆ ತೋರುವುವು. ವಾಸ್ತವವಾಗಿ ಇವು ಮೂರು ಬೇರೆ ಬೇರೆ ಲಕೋಟೆಗಳಿದ್ದಂತೆ. ಒಂದನ್ನು ಅಂಚೆಗೆ ಹಾಕಿದ ಮಾತ್ರಕ್ಕೆ ಉಳಿದೆರಡೂ ಹೋಗಲಾರವು.

ಇದಕ್ಕೆ ಕಾರಣವು ಪುಟದ ರಚನೆಯಲ್ಲಿಯೇ ಇದೆ. ಜಾಲಪುಟಗಳನ್ನು ಬರೆಯುವ ಎಚ್.ಟಿ.ಎಂ.ಎಲ್. ಎಂಬ ಭಾಷೆಗೆ 1995ರಲ್ಲಿ ಗೊತ್ತುಪಡಿಸಿದ ನಿಯಮಗಳ ಪ್ರಕಾರ ಒಂದು ಪುಟದಲ್ಲಿ ಅನೇಕ ನಮೂನೆಗಳಿರಬಹುದು. ಆದರೆ ಒಂದರೊಳಗೆ ಇನ್ನೊಂದು ಇರಕೂಡದು. ಈಗಲೂ ಇದೇ ನಿಯಮವುಂಟು. ಒಂದು ನಮೂನೆಯ ಗುಂಡಿಯನ್ನು ಒತ್ತಿದರೆ ಆ ನಮೂನೆಗೆ ಸೇರಿದ ವಿವರಗಳು ಮಾತ್ರ ಹೋಗುವುವು. ಮೊದಲನೆಯದರಲ್ಲಿ ಬರೆದ ಸರ್ವೆ ನಂಬರು ಎರಡನೆಯದಕ್ಕೆ ತಾನಾಗಿ ಬರುವುದಿಲ್ಲ. ಇಷ್ಟೇ ಅಲ್ಲದೆ, ಕಳುಹಿಸಿದ ಕೂಡಲೆ ಅನೇಕ ಪುಟಗಳು ಹೊಸದಾಗಿ ತೆರೆದುಕೊಳ್ಳುವುದರಿಂದ, ಉಳಿದ ನಮೂನೆಗಳಲ್ಲಿ ಬರೆದುದು ಅಳಿಸಿಹೋಗುವ ಸಂಭವವುಂಟು.

ಇದರಿಂದ ಆಗುವ ಹಾನಿಯು ಅಲ್ಪವಲ್ಲ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಆಲಿಕಲ್ಲಿನ ಮಳೆಯೇ ಮೊದಲಾದ ಸ್ಥಳೀಯ ವಿಪತ್ತಿನಿಂದಾದ ನಷ್ಟವನ್ನು 72 ಗಂಟೆಗಳೊಳಗಾಗಿ ತಿಳಿಸಬೇಕೆಂದು ವಿಧಿಸಿದೆ. ಮೂರು ನಮೂನೆಗಳನ್ನೂ ತುಂಬಿ, ಫೋನ್ ನಂಬರಿನ ಗುಂಡಿಯೊಂದನ್ನೇ ಒತ್ತಿ ಮನೆಗೆ ಹೋದ ರೈತನ ನಷ್ಟದ ಸೂಚನೆಯು ಯಾರಿಗೂ ಮುಟ್ಟಿರುವುದಿಲ್ಲ. ಅವನು ಇದನ್ನು ಅರಿಯುವ ವೇಳೆಗೆ ವಾಯಿದೆಯು ಮುಗಿದಿರಬಹುದು.

ಆದುದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು:

1. ಪುಟದಲ್ಲಿ ಕಳುಹಿಸುವ ಗುಂಡಿಗಳು ಎಷ್ಟಿವೆಯೆಂಬುದನ್ನು ಮೊದಲು ಎಣಿಸುವುದು. ಸಾಮಾನ್ಯವಾಗಿ ಗುಂಡಿಗಳೆಷ್ಟೋ ನಮೂನೆಗಳೂ ಅಷ್ಟೇ.

2. ವಾಯಿದೆಯುಳ್ಳ ನಮೂನೆಯನ್ನು ಎಲ್ಲಕ್ಕಿಂತ ಮೊದಲು ತುಂಬಿ ಕಳುಹಿಸುವುದು.

3. ಒಂದನ್ನು ಕಳುಹಿಸಿ, ಅದರ ಸ್ವೀಕೃತಿ ಸಂಖ್ಯೆಯನ್ನು ಬರೆದುಕೊಂಡ ಮೇಲೆಯೇ ಮತ್ತೊಂದನ್ನು ತುಂಬಲು ತೊಡಗುವುದು.

4. ಬರೆಯುತ್ತಿರುವಾಗ ಎಂಟರ್ ಕೀಲಿಯನ್ನು ಒತ್ತದಿರುವುದು. ಒತ್ತಿದರೆ, ಆಗ ಬರೆಯುತ್ತಿರುವ ನಮೂನೆಯು ಅಪೂರ್ಣವಾಗಿಯೇ ಹೊರಟುಹೋಗಬಹುದು.

5. ಬೇರೆಯವರಿಂದ ಬರೆಯಿಸಿದಲ್ಲಿ, ಕಳುಹಿಸಿದ ನಮೂನೆಗಳೆಷ್ಟೋ ಅಷ್ಟು ಸ್ವೀಕೃತಿಗಳನ್ನು ಕೇಳಿ ಪಡೆಯುವುದು.

ಸಹಕಾರ ಸಂಘಗಳ ಆಡಳಿತವನ್ನು ನೋಡುವ ಮಹನೀಯರು ತಮ್ಮ ಸಂಘಕ್ಕೆ ಇಂತಹ ಪುಟವನ್ನು ಮಾಡಿಸುವಾಗ ಒಂದು ವಿಷಯವನ್ನು ಗಮನಿಸಬೇಕು. ಎಲ್ಲ ಗುಂಡಿಗಳ ಮೇಲೂ ‘ಸಲ್ಲಿಸು’ ಎಂದು ಬರೆಯಿಸಿದರೆ ಜನರಿಗೆ ಭ್ರಾಂತಿಯುಂಟಾಗುವುದು. ‘ನಷ್ಟದ ಸೂಚನೆಯನ್ನು ಕಳುಹಿಸು’, ‘ಸಾಲದ ಅರ್ಜಿಯನ್ನು ಕಳುಹಿಸು’ ಎಂದು ಬೇರೆ ಬೇರೆಯಾಗಿ ಬರೆಯಿಸಿ, ನಮೂನೆಗಳ ನಡುವೆ ಎದ್ದುಕಾಣುವ ಗೆರೆಯನ್ನು ಹಾಕಿಸುವುದು ಉತ್ತಮ. ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.

ಗ್ರಾಮದ ಮುಖಂಡರು ಈ ಸಂಗತಿಗಳನ್ನು ನೆರೆಹೊರೆಯ ರೈತರಿಗೆ, ವಿಶೇಷವಾಗಿ ಓದುಬರಹ ಬಾರದವರಿಗೆ, ತಿಳಿಯಪಡಿಸಿದರೆ ಬಹಳ ಉಪಕಾರವಾಗುವುದು.