ಕಡಲಿನ ಬೂಷ್ಟು ಕೊಟ್ಟ ಮದ್ದು

ರೊಟ್ಟಿಗೆ ಬೂಷ್ಟು ಹಿಡಿದರೆ ಅದನ್ನು ತಿಪ್ಪೆಗೆ ಎಸೆಯುವುದು ಲೋಕರೂಢಿ. ಆದರೆ ಈ ಕ್ಷುದ್ರ ಜೀವಿಯ ವರ್ಗವೇ ಲಕ್ಷಾಂತರ ಜನರ ಪ್ರಾಣವನ್ನು ಕಾಪಾಡಿದೆಯೆಂದರೆ ಕೆಲವರಿಗೆ ಸೋಜಿಗವೆನಿಸೀತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಬೂಷ್ಟಿನಲ್ಲಿ ಪೆನಿಸಿಲಿನ್ನನ್ನು ಕಂಡ ಸಂಗತಿ ಎಲ್ಲರಿಗೂ ತಿಳಿದದ್ದೇ. ಕಡಲ ತೀರದಲ್ಲಿ ನಡೆದ, ಅಷ್ಟೊಂದು ಪ್ರಸಿದ್ಧವಲ್ಲದ ಇನ್ನೊಂದು ಶೋಧದ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಟಲಿಯ ಸಾರ್ಡೀನಿಯ ದ್ವೀಪದ ಕಾಲ್ಯಾರಿ ನಗರದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಿದ್ದರು. ಊರಿನ ಚರಂಡಿ ಕಡಲಿಗೆ ಸೇರುವೆಡೆಯ ನೀರಿನಿಂದ ಅವರು 1945ರಲ್ಲಿ ಒಂದು ಶಿಲೀಂಧ್ರವನ್ನು ಬೇರ್ಪಡಿಸಿ ಬೆಳೆಸಿದರು. ಅದು ಸ್ರವಿಸಿದ ದ್ರವವು ಟೈಫಾಯಿಡಿನ ರೋಗಾಣುಗಳ ಬೆಳವಣಿಗೆಯನ್ನು ತಡೆಯಿತು. ಆದರೆ ಸಂಶೋಧನೆಯನ್ನು ಮುಂದುವರಿಸಲು ಬೇಕಾದ ನೆರವು ಅವರಿಗೆ ಅಲ್ಲಿ ದೊರೆಯಲಿಲ್ಲ. 1948ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿ, ಶಿಲೀಂಧ್ರವನ್ನು ಆಕ್ಸ್‌ಫರ್ಡಿಗೆ ಕಳುಹಿಸಿಕೊಟ್ಟರು. ಅಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಎಂಬ ವಿಜ್ಞಾನಿಗಳು ಅದರಿಂದ ಸೆಫಲೋಸ್ಪೋರಿನ್ ಸಿ ಎಂಬ ವಸ್ತುವನ್ನು ಬೇರ್ಪಡಿಸಿ, 1961ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. 1964ರಲ್ಲಿ ಈ ವಂಶದ ಮೊದಲ ಮದ್ದು ರೋಗಿಗಳ ಕೈಸೇರಿತು. ಇಂದು ಟೈಫಾಯಿಡಿಗೆ ವೈದ್ಯರು ಬರೆದುಕೊಡುವ ಸೆಫಿಕ್ಸಿಮ್ ಗುಳಿಗೆಯೂ ಆಸ್ಪತ್ರೆಗಳಲ್ಲಿ ಕೊಡುವ ಸೆಫ್‌ಟ್ರಿಯಾಕ್ಸೋನ್ ಚುಚ್ಚುಮದ್ದೂ ಇದರ ಸಂತತಿಯೇ. ಕಡಲನ್ನೇ ಕಾಣದ ನಮ್ಮ ದುಬಲಗುಂಡಿಯಂಥ ಊರಿನ ರೋಗಿಗೂ ಕಡಲ ತೀರದ ಋಣವಿದೆ!

ಈ ಮದ್ದು ಕೆಲಸ ಮಾಡುವುದು ಹೇಗೆ? ಬ್ಯಾಕ್ಟೀರಿಯಾ ತನ್ನ ಸುತ್ತ ಗಟ್ಟಿಯಾದ ಗೋಡೆಯೊಂದನ್ನು ಕಟ್ಟಿಕೊಳ್ಳುತ್ತದೆ. ಮದ್ದು ಆ ಗೋಡೆಯ ಕಟ್ಟುವಿಕೆಯನ್ನೇ ಕೆಡಿಸುತ್ತದೆ; ರೋಗಾಣು ಒಡೆದು ಸಾಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ಅವುಗಳಿಗೆ ಆ ಪೆಟ್ಟು ತಗಲುವುದಿಲ್ಲ.

ಹೊಸ ಮದ್ದಿನ ಶೋಧ ತಾಳ್ಮೆಯ ಕೆಲಸ. ಕಡಲಿನ ಕೆಸರು, ಕೊಳೆತ ಮರ, ಪಾಚಿ, ಕಾಂಡ್ಲಾಗಿಡದ ಬೇರು ಮೊದಲಾದವುಗಳಿಂದ ಶಿಲೀಂಧ್ರಗಳನ್ನು ತೆಗೆದು ಉಪ್ಪುನೀರಿನ ಪೋಷಕದಲ್ಲಿ ಬೆಳೆಸಬೇಕು. ಅವುಗಳ ಸಾರವನ್ನು ಇಳಿಸಿ ರೋಗಾಣುಗಳ ಮೇಲೆ ಪರೀಕ್ಷಿಸಬೇಕು. ಗುಣ ಕಂಡುಬಂದರೆ ಅದಕ್ಕೆ ಕಾರಣವಾದ ಒಂದೇ ವಸ್ತುವನ್ನು ಬೇರ್ಪಡಿಸಬೇಕು. ಬಳಿಕ ಪ್ರಾಣಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ ಪರೀಕ್ಷೆ. ಬಹುಪಾಲು ಸಾರಗಳು ನಡುದಾರಿಯಲ್ಲಿಯೇ ಬಿದ್ದುಹೋಗುತ್ತವೆ. ನಮ್ಮ ನಾಡಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕರಾವಳಿಯ ಕಾಂಡ್ಲಾಗಿಡಗಳ ಒಳಗೆ ವಾಸಿಸುವ ಶಿಲೀಂಧ್ರಗಳನ್ನು ಬೆಳೆಸಿ, ಅವುಗಳಲ್ಲಿ ಕೆಲವು ರೋಗಾಣುಗಳನ್ನು ತಡೆಯಬಲ್ಲವೆಂದು 2005ರಲ್ಲಿ ತೋರಿಸಿದ್ದಾರೆ.

ಇಷ್ಟು ಶ್ರಮವೇಕೆಂದು ಕೇಳಬಹುದು. ರೋಗಾಣುಗಳು ಹಳೆಯ ಮದ್ದುಗಳಿಗೆ ಜಗ್ಗದಂತಾಗುತ್ತಿವೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ಗುಳಿಗೆ ತಂದು ನುಂಗುವುದು, ಬರಿಯ ನೆಗಡಿಗೂ ಇವನ್ನು ಬಳಸುವುದು ಇದಕ್ಕೆ ದೊಡ್ಡ ಕಾರಣ. ಹೊಸದನ್ನು ಹುಡುಕಲು ದಶಕಗಳು ಬೇಕು. ಇದ್ದುದನ್ನು ಕೆಡಿಸಲು ನಮ್ಮ ಅಲಕ್ಷ್ಯವೊಂದೇ ಸಾಕು. ಕಾಂಡ್ಲಾವನವನ್ನು ಕಡಿದರೆ, ಇನ್ನೂ ಯಾರೂ ತೆರೆಯದ ಔಷಧಭಂಡಾರಕ್ಕೆ ಬೆಂಕಿಯಿಟ್ಟಂತೆ. ಕಡಲನ್ನು ಕಾಯುವುದು ಕರಾವಳಿಯವರ ಕರ್ತವ್ಯವಾದರೆ, ಕಡಲು ಕೊಟ್ಟ ಮದ್ದನ್ನು ಹಿತಮಿತವಾಗಿ ಬಳಸಿ ಅದರ ಕಸುವನ್ನು ಉಳಿಸುವುದು ಬಯಲುಸೀಮೆಯ ನಮ್ಮೆಲ್ಲರ ಕರ್ತವ್ಯ. ಅಕ್ಷರ ಕಲಿತ ನಾವು ಈ ಮಾತನ್ನು ಮೊದಲು ನಮ್ಮ ನಮ್ಮ ಮನೆಗೆ ಮುಟ್ಟಿಸೋಣ.