ಗ್ಯಾಸ್ ತುಂಬಿಸಿದರೆ ಸಾಕೇ?

ನನ್ನ ಉಪ್ಪ ಹಾಸನದಿಂದ ಮಂಗಳೂರಿಗೆ ತರಕಾರಿ ತರುವ ಪಿಕಪ್ ಓಡಿಸುತ್ತಾರೆ. ಗಾಡಿಗೆ ಈಗ ಹದಿನಾಲ್ಕು ವರ್ಷ. ಅದರ ಎ.ಸಿ. ಬಿಸಿಗಾಳಿ ಊದತೊಡಗಿದಾಗ ಒಂದು ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದೆವು. ಎರಡು ತಿಂಗಳು ತಂಪು ಬಂತು. ಮತ್ತೆ ತುಂಬಿಸಿದಾಗ ಹದಿನೈದೇ ದಿನ. "ಸೆಕೆ ನನಗೇನು ಹೊಸದಾ? ಕಿಟಕಿ ಇಳಿಸಿದರೆ ಆಯಿತು" ಎಂದು ಉಪ್ಪ ಕೈಬಿಟ್ಟರು.

ಜೂನ್ ತಿಂಗಳ ಒಂದು ರಾತ್ರಿ ಶಿರಾಡಿ ಘಾಟಿಯಲ್ಲಿ ಕಿಟಕಿ ಇಳಿಸಲಾಗದಂಥ ಮಳೆ. ಮುಂದಿನ ಗಾಜಿನ ಒಳಗೆಲ್ಲ ಮಂಜು ಕಟ್ಟಿತು. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬಟ್ಟೆ ಹಿಡಿದು ಒರೆಸುತ್ತಾ ಇಳಿದು ಬಂದಿದ್ದರು. ಬೆಳಿಗ್ಗೆ ಚಹಾ ಕುಡಿಯುವಾಗಲೂ ಮಾತಾಡಲಿಲ್ಲ. ಆ ದಿನವೇ ಮಾಮನಿಗೆ ಫೋನ್ ಹೋಯಿತು.

ಎ.ಸಿ. ತಂಪಿಗೆ ಮಾತ್ರ ಎಂದು ನಾನೂ ತಿಳಿದಿದ್ದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಎವಾಪೊರೇಟರ್ ಎಂಬ ತಣ್ಣನೆಯ ಜಾಲರಿಗೆ ಗಾಳಿ ತಾಗಿದಾಗ ಅದರಲ್ಲಿನ ತೇವ ನೀರಾಗಿ ಕೆಳಗೆ ಸುರಿಯುತ್ತದೆ. ಒಣಗಿದ ಗಾಳಿ ಗಾಜಿನ ಮಂಜನ್ನು ಹೀರಿಕೊಳ್ಳುತ್ತದೆ. ಘಾಟಿ ಇಳಿಯುವವನಿಗೆ ಇದು ಬ್ರೇಕಿನಷ್ಟೇ ಮುಖ್ಯ.

ಮಾಮ ದಮ್ಮಾಮಿನಲ್ಲಿ ಹನ್ನೊಂದು ವರ್ಷ ಎ.ಸಿ. ಕೆಲಸ ಮಾಡಿ ಬಂದವರು. ನನ್ನ ಮೊದಲ ಸಲಹೆ ಕೇಳಿ ನಕ್ಕರು. "ಗ್ಯಾಸ್ ಪೆಟ್ರೋಲಲ್ಲ ಮೋನೇ, ಉರಿದು ಖಾಲಿಯಾಗಲು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ." ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೋಗುತ್ತದೆ. ಹಾಗೇ ತುಂಬಿಸುತ್ತಾ ಹೋದರೆ ಒಂದು ದಿನ ಕಂಪ್ರೆಸರ್ ಜಾಮ್ ಆಗಿ, ಸಣ್ಣ ಖರ್ಚು ದೊಡ್ಡದಾಗುತ್ತದೆ.

ಎಂಜಿನ್ ಆರಿಸಿ ಗೇಜ್ ಜೋಡಿಸಿದರು. ಇಲ್ಲಿ ನಮ್ಮ ಭೌತಶಾಸ್ತ್ರದ ಪಾಠ ನನ್ನ ಕಣ್ಣೆದುರು ಬಂತು. ನಮ್ಮ ಗಾಡಿಯಲ್ಲಿರುವುದು ಆರ್-134ಎ. ವಾತಾವರಣದ ಒತ್ತಡದಲ್ಲಿ ಅದು ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಪೈಪಿನೊಳಗೆ ಒಂದಿಷ್ಟು ದ್ರವ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ, ಪ್ರಮಾಣವಲ್ಲ. 30 ಡಿಗ್ರಿಯಲ್ಲಿ ಅದು ಸುಮಾರು 97 ಪಿ.ಎಸ್.ಐ. ಇರಬೇಕು. ನಮ್ಮ ಮುಳ್ಳು 25ರಲ್ಲಿ ನಿಂತಿತ್ತು. ಅಂದರೆ ಒಳಗೆ ದ್ರವದ ಒಂದು ಹನಿಯೂ ಉಳಿದಿರಲಿಲ್ಲ. ಇಷ್ಟು ಕಡಿಮೆ ಒತ್ತಡದಲ್ಲಿ ಒಂದು ಸ್ವಿಚ್ ಕಂಪ್ರೆಸರನ್ನು ತಾನೇ ನಿಲ್ಲಿಸುತ್ತದೆ. ಎ.ಸಿ. ಗುಂಡಿ ಒತ್ತಿದಾಗ ಬರಬೇಕಾದ 'ಟಿಕ್' ಸದ್ದು ಬಾರದಿದ್ದುದು ಅದಕ್ಕೇ.

ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡರು. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಓಝೋನ್ ಹಾಳುಮಾಡುವ ಆರ್-12ರ ಜಾಗಕ್ಕೆ ಬಂದದ್ದು ಈ ಗ್ಯಾಸ್. ಓಝೋನಿಗೆ ತೊಂದರೆಯಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು.

ಆಮೇಲೆ ಒಣ ನೈಟ್ರೋಜನ್ ತುಂಬಿಸಿ 150 ಪಿ.ಎಸ್.ಐ.ಗೆ ಏರಿಸಿ, ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿದೆವು. ಕಂಡೆನ್ಸರಿನ ಕೆಳಗಿನ ಪೈಪಿನಲ್ಲಿ ಎಣ್ಣೆಗೆ ಧೂಳು ಮೆತ್ತಿಕೊಂಡಿತ್ತು, ಅಲ್ಲಿ ಗುಳ್ಳೆ ಬಂತು. ಓ-ರಿಂಗ್ ಒಣಗಿ ಚಪ್ಪಟೆಯಾಗಿತ್ತು. ಇಪ್ಪತ್ತು ರೂಪಾಯಿಯ ವಸ್ತು! ಬದಲಿಸಿ, ಕೆಲಸ ಮುಗಿಯಿತೆಂದು ನಾನು ಕೈ ತೊಳೆದೆ. ಮಾಮ ಮಾತ್ರ ಗೇಜ್ ಬಿಚ್ಚದೆ ಹಾಗೇ ಬಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಒತ್ತಡ 138ಕ್ಕೆ ಇಳಿದಿದೆ.

ಹೊರಗೆಲ್ಲೂ ಗುಳ್ಳೆಯಿಲ್ಲ. ಉಳಿದದ್ದು ಡ್ಯಾಶ್‌ಬೋರ್ಡಿನ ಹಿಂದಿನ ಎವಾಪೊರೇಟರ್. ಅದನ್ನು ಬಿಚ್ಚಲು ಇಡೀ ದಿನ ಬೇಕು, ಒಂದು ದಿನದ ಬಾಡಿಗೆಯೂ ಹೋಗುತ್ತದೆ. ಉಪ್ಪ ಹಿಂದೆಮುಂದೆ ನೋಡಿದರು. "ಈಗ ಗ್ಯಾಸ್ ಹಾಕು, ಮಳೆಗಾಲ ಕಳೆಯಲಿ" ಎಂದರು. ಮಾಮ ಒಪ್ಪಲಿಲ್ಲ. "ಭಾವ, ಘಾಟಿಯಲ್ಲಿ ಯಾವ ರಾತ್ರಿ ಅದು ಖಾಲಿಯಾಗುತ್ತದೆಂದು ನಾನು ಹೇಳಲಾರೆ" ಎಂದಾಗ ಉಪ್ಪ ಸುಮ್ಮನೆ ಕೀಲಿ ಕೊಟ್ಟರು.

ಹೊರತೆಗೆದ ಎವಾಪೊರೇಟರಿಗೆ ನೈಟ್ರೋಜನ್ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿದೆವು. ಮೂಲೆಯಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೆದ್ದವು. ಕೊಳೆತ ಎಲೆ, ಧೂಳು, ತೇವ ಸೇರಿ ಅಲ್ಯೂಮಿನಿಯಂ ತಿಂದಿದ್ದವು. ಹೊಸದನ್ನು ಹಾಕಿದೆವು. ತೇವ ಹೀರುವ ಡ್ರೈಯರನ್ನೂ ಬದಲಿಸಿದೆವು. ಪೈಪು ಬಿಚ್ಚಿದ ಮೇಲೆ ಹಳೆಯದನ್ನು ಉಳಿಸಿಕೊಳ್ಳಬಾರದಂತೆ.

ಕೊನೆಗೆ ವ್ಯಾಕ್ಯೂಮ್ ಪಂಪ್ ಒಂದು ಗಂಟೆ ಓಡಿತು. ಗಾಳಿ ತೆಗೆಯುವುದಷ್ಟೇ ಅದರ ಕೆಲಸವಲ್ಲ. ಒತ್ತಡ ವಾತಾವರಣದ ಇಪ್ಪತ್ತನಾಲ್ಕನೇ ಒಂದು ಭಾಗಕ್ಕಿಂತ ಕೆಳಗಿಳಿದರೆ 30 ಡಿಗ್ರಿಯಲ್ಲೇ ನೀರು ಕುದಿದು ಆವಿಯಾಗಿ ಹೊರಬರುತ್ತದೆ. ಅದು ಒಳಗುಳಿದರೆ ಸಣ್ಣ ರಂಧ್ರದ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ. ಗ್ಯಾಸನ್ನು ಅಂದಾಜಿನಲ್ಲಿ ಹಾಕಲಿಲ್ಲ, ಬಾನೆಟ್ಟಿನ ಚೀಟಿ ನೋಡಿ ತಕ್ಕಡಿಯಲ್ಲಿ ತೂಗಿ ಹಾಕಿದರು.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ನಮ್ಮ ಪಿಕಪ್ ಸಣ್ಣದು, ಹಳೆಯದು, ಆ ನಿಯಮದೊಳಗೆ ಬರುವುದಿಲ್ಲ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಘಾಟಿಯಲ್ಲಿ ಅದೇ ಮಳೆ. ಗಾಜಿನ ಅಂಚಿನಲ್ಲಿ ಮಂಜು ಮೂಡಿದಾಗ ಉಪ್ಪ ಗುಂಡಿ ಒತ್ತಿದರು, 'ಟಿಕ್' ಎಂದಿತು. ಒರೆಸುವ ಬಟ್ಟೆ ಈಗಲೂ ಡ್ಯಾಶ್‌ಬೋರ್ಡಿನ ಮೇಲೆಯೇ ಇದೆ, ತೆಗೆಯಲು ಬಿಡುವುದಿಲ್ಲ.